ಖಾಲಿ ಬಿಟ್ಟ ಆಕಾಶ

ಚಿತ್ರಕಲೆ ನಾನು ಕಲಿಸಿದ ವಿಷಯವಲ್ಲ. ಆದರೂ ಶಾಲೆಯ ಭಿತ್ತಿಪತ್ರಿಕೆಯ ಹೊಣೆ ನನ್ನದಾಗಿದ್ದುದರಿಂದ ಮಕ್ಕಳ ಚಿತ್ರಗಳ ಗುಣದೋಷ ಹೇಳುವ ಅಧಿಕಾರವನ್ನೂ ಚಲಾಯಿಸುತ್ತಿದ್ದೆ. ಅದರ ನೆನಪು ಈಚೆಗೆ ನನ್ನನ್ನು ಕಾಡುತ್ತಿದೆ.

ಕಾರಣ, ಡಚ್ ಕಲಾವಿದ ರೆಂಬ್ರಾಂಟನ ಒಂದು ಎಚಿಂಗ್. 1641ರಲ್ಲಿ ರಚಿತವಾದ ಈ ಚಿತ್ರದಲ್ಲಿರುವುದು ಹಾಲೆಂಡಿನ ಹಳ್ಳಿಗಾಡಿನ ಒಂದು ಗುಡಿಸಲು, ಪಕ್ಕದಲ್ಲೊಂದು ದೊಡ್ಡ ಮರ. ಎತ್ತರ ಸುಮಾರು 13 ಸೆಂಟಿಮೀಟರ್, ಅಗಲ 32. ಅಂತರಜಾಲದ ಕೃಪೆಯಿಂದ ಅದನ್ನು ದೊಡ್ಡದಾಗಿಸಿಕೊಂಡು ಗೆರೆ ಗೆರೆಯನ್ನೂ ನೋಡಿದೆ.

ಎಚಿಂಗ್‌ನ ಕ್ರಮ ಸ್ವಾರಸ್ಯವಾದದ್ದು. ತಾಮ್ರದ ತಗಡಿಗೆ ಮೇಣದಂಥ ಲೇಪ ಬಳಿದು, ಅದರ ಮೇಲೆ ಸೂಜಿಯಿಂದ ಗೀರಿ, ತಗಡನ್ನು ಆಮ್ಲಕ್ಕೆ ಒಡ್ಡುತ್ತಾರೆ. ಗೀರಿದ ಕಡೆ ಮಾತ್ರ ಆಮ್ಲವು ಲೋಹವನ್ನು ತಿನ್ನುತ್ತದೆ. ಆ ಗೆರೆಗಳಲ್ಲಿ ಮಸಿ ತುಂಬಿ, ಒದ್ದೆ ಕಾಗದವನ್ನಿಟ್ಟು ಒತ್ತಿದರೆ ಎಡಬಲ ಅದಲುಬದಲಾಗಿ ಚಿತ್ರ ಮೂಡುತ್ತದೆ. ಆಮ್ಲದಲ್ಲಿ ಹೆಚ್ಚು ಹೊತ್ತು ಇದ್ದ ಗೆರೆ ಆಳವಾಗಿ ಕಪ್ಪಾಗುತ್ತದೆ. ಬಣ್ಣವಿಲ್ಲ, ಗೆರೆ ಮತ್ತು ಕಾಗದ ಎರಡೇ ಅಲ್ಲಿನ ಬಂಡವಾಳ.

ಗುಡಿಸಲಿನ ಹುಲ್ಲುಮಾಡಿನ ಮೇಲೆ ಗೆರೆಗಳು ಒತ್ತೊತ್ತಾಗಿವೆ. ಮಳೆಬಿಸಿಲು ತಿಂದ ಹುಲ್ಲಿನ ಭಾರವೇ ಕಣ್ಣಿಗೆ ತಾಕುತ್ತದೆ. ಮರದ ನೆರಳಿನಲ್ಲಿ ಗೆರೆಗಳು ಒಂದನ್ನೊಂದು ಹೆಣೆದುಕೊಂಡಿವೆ. ದೂರದ ಬಯಲಿಗೆ ಹೋದಂತೆ ಅವು ತೆಳುವಾಗಿ ಕಾಗದದಲ್ಲೇ ಕರಗಿಬಿಡುತ್ತವೆ. ಮೇಲೆ ಆಕಾಶಕ್ಕೆ ಗೆರೆಯೇ ಇಲ್ಲ. ಬರಿಯ ಕಾಗದ. ಆದರೆ ಆ ಬಯಲಿನ ಬೆಳಕು, ತೇವ, ಮೌನ ಎಲ್ಲವೂ ಇರುವುದು ಅಲ್ಲಿಯೇ!

ಒಂದು ವರ್ಷ ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳು ತನ್ನ ಊರನ್ನು ಮಸಿಯ ಪೆನ್ನಿನಿಂದ ಬರೆದು ತಂದಿದ್ದಳು. ಹಂಚಿನ ಮನೆ, ಹಲಸಿನ ಮರ, ಕೊಟ್ಟಿಗೆ. ಮೇಲೆ ಏನೂ ಇರಲಿಲ್ಲ. "ಆಕಾಶ ಖಾಲಿಯಾಗಿದೆಯಲ್ಲಮ್ಮಾ, ಪೂರ್ತಿ ಮಾಡಿ ತಾ" ಎಂದು ಹಿಂದಿರುಗಿಸಿದೆ. "ಬೆಳಿಗ್ಗೆ ಹಾಗೇ ಇರುತ್ತೆ ಸಾರ್" ಎಂದಳು. ನಾನು ಕೇಳಲಿಲ್ಲ. ಮರುದಿನ ಸೂರ್ಯ, ಮೋಡ, ಸಾಲಾಗಿ ಹಾರುವ ಹಕ್ಕಿಗಳು ಬಂದಿದ್ದವು. ಮೆಚ್ಚಿ ಗೋಡೆಗೆ ಅಂಟಿಸಿದೆ. ಆಕೆ ಮತ್ತೆ ಚಿತ್ರ ತರಲಿಲ್ಲ. ನಾನೂ ಏಕೆಂದು ವಿಚಾರಿಸಲಿಲ್ಲ.

ಅವಳು ನೋಡಿದ್ದನ್ನು ಬರೆದಿದ್ದಳು. ನಾನು ರೂಢಿಯನ್ನು ಬರೆಸಿದೆ. ಅಮ್ಮಾ, ಈ ಸಾಲುಗಳು ಎಲ್ಲಿಯಾದರೂ ನಿನ್ನ ಕಣ್ಣಿಗೆ ಬಿದ್ದರೆ ತಿಳಿದುಕೋ: ನಿನ್ನ ಮೊದಲಿನ ಚಿತ್ರ ಪೂರ್ಣವಾಗಿತ್ತು. ತಿದ್ದಬೇಕಾಗಿದ್ದುದು ಮೇಷ್ಟರ ಕಣ್ಣನ್ನು.