ತೊಡೆಯ ಹೊರಗಿನ ಉಕ್ಕು

ಸಂಚಿಕೆಗೆ ಅನುಭವವೊಂದನ್ನು ಬರೆಯಬೇಕೆಂದು ಸಂಪಾದಕ ಮಿತ್ರರು ಆಗ್ರಹಪಡಿಸಿದಾಗ, ಈ ಶಾಲೆಯ ಹಳೆಯ ವಿದ್ಯಾರ್ಥಿಯೂ ವೃತ್ತಿಯಿಂದ ಮೂಳೆವೈದ್ಯನೂ ಆದ ನನಗೆ ಮೊದಲು ನೆನಪಾದುದು ಹನ್ನೆರಡು ವರ್ಷದ ಬಾಲಕನೊಬ್ಬನ ಎಡತೊಡೆ.

ಟ್ರ್ಯಾಕ್ಟರಿನಿಂದ ಬಿದ್ದು ಅವನ ತೊಡೆಮೂಳೆ ಮುರಿದು ಚರ್ಮವನ್ನು ಭೇದಿಸಿ ಹೊರಬಂದಿತ್ತು. ಗಾಯದ ತುಂಬ ಹೊಲದ ಮಣ್ಣು. ನಾಲ್ಕೈದು ವರ್ಷದ ಶಿಶುವಿನ ಸಾಮಾನ್ಯ ಮುರಿತವಾಗಿದ್ದರೆ ಸೊಂಟದಿಂದ ಪಾದದವರೆಗಿನ ಪ್ಲಾಸ್ಟರ್ ಸಾಕಾಗುತ್ತಿತ್ತು. ದೊಡ್ಡ ಮಕ್ಕಳಿಗೆ ಮೂಳೆಯ ಒಳಗೆ ಮೊಳೆ ತೂರಿಸುವುದು ಇಂದಿನ ವಾಡಿಕೆ. ಆದರೆ ಮಣ್ಣು ಹೊಕ್ಕ ಗಾಯದೊಳಗೆ ಲೋಹವನ್ನು ಹುದುಗಿಸಲು ಮನಸ್ಸು ಒಪ್ಪಲಿಲ್ಲ. ಗಾಯವನ್ನು ತೊಳೆದು, ಮುರಿತದ ಮೇಲೆ ಎರಡು, ಕೆಳಗೆ ಎರಡು ಉಕ್ಕಿನ ಸರಳುಗಳನ್ನು ಮೂಳೆಗೆ ತಿರುಚಿ, ತೊಡೆಯ ಹೊರಗೆ ಒಂದು ದಂಡದಿಂದ ಬಂಧಿಸಿದೆನು. ಮೊಣಕಾಲಿನ ಸಮೀಪ, ಮೂಳೆ ಬೆಳೆಯುವ ಮೃದ್ವಸ್ಥಿಯನ್ನು ಸರಳು ಮುಟ್ಟಬಾರದು. ಮುಟ್ಟಿದರೆ ಕಾಲು ಗಿಡ್ಡವಾದೀತು, ಇಲ್ಲವೆ ಸೊಟ್ಟಗಾದೀತು.

ಈ ಕ್ರಮ ಹೊಸದಲ್ಲ. ಬೆಲ್ಜಿಯಂನ ಆಲ್ಬಿನ್ ಲಾಂಬೊಟ್ 1902ರಲ್ಲಿಯೇ ಇದನ್ನು ಬಳಸಿದ್ದನು. 1938ರಲ್ಲಿ ಜಿನೀವಾದ ರಾವುಲ್ ಹಾಫ್‌ಮನ್, ಮುರಿತವನ್ನು ಹೊರಗಿನಿಂದಲೇ ಸರಿಹೊಂದಿಸಬಲ್ಲ ಕೀಲುಗಳನ್ನು ರೂಪಿಸಿದನು.

ತಾಯಿ ದಿನವೂ ಕುದಿಸಿ ಆರಿಸಿದ ಉಪ್ಪುನೀರಿನಿಂದ ಸರಳುಗಳ ಬುಡವನ್ನು ಒರೆಸುತ್ತಿದ್ದರು. ಎರಡು ಬಾರಿ ಕೀವು ಕಾಣಿಸಿ ಔಷಧಿಯಿಂದ ಶಮನವಾಯಿತು. ಹನ್ನೊಂದನೆಯ ವಾರ ತಂದೆ ಬಂದು, ಶಾಲೆ ತೆರೆಯುತ್ತದೆ, ಹುಡುಗರು ನಗುತ್ತಾರೆ, ತೆಗೆದುಬಿಡಿ ಎಂದರು. ಎಕ್ಸ್‌ರೇಯಲ್ಲಿ ಮುಂದಿನಿಂದಲೂ ಪಕ್ಕದಿಂದಲೂ ಕಾಣುವ ಒಟ್ಟು ನಾಲ್ಕು ಅಂಚುಗಳಲ್ಲಿ ಮೂರಾದರೂ ಹೊಸ ಮೂಳೆಯಿಂದ ಕೂಡಿರಬೇಕು. ಅಂದು ಎರಡು ಸ್ಪಷ್ಟವಾಗಿದ್ದವು. ಮೂರನೆಯದೂ ಇದೆಯೆಂದು ನಂಬಿದೆನು. ನಂಬಲು ಇಷ್ಟಪಟ್ಟೆನು ಎಂಬುದೇ ಸರಿ. ಬಿಗಿಯಾದ ಉಕ್ಕು ಭಾರವನ್ನೆಲ್ಲ ತಾನೇ ಹೊರುವುದರಿಂದ ಮೂಳೆ ನಿಧಾನವಾಗಿ ಬೆಸೆಯುತ್ತದೆ, ಅವಸರದಿಂದ ಬಿಚ್ಚಿದರೆ ಮತ್ತೆ ಮುರಿಯುತ್ತದೆ ಎಂದು ಕಿರಿಯ ವೈದ್ಯರಿಗೆ ಪಾಠ ಹೇಳುತ್ತಿದ್ದವನು ನಾನೇ!

ಒಂಬತ್ತನೆಯ ದಿನ ಹುಡುಗ ಬಚ್ಚಲ ಹೊಸ್ತಿಲಲ್ಲಿ ಜಾರಿದನು. ಅವನನ್ನು ಹೊತ್ತು ತಂದ ತಂದೆ ನನ್ನನ್ನು ದೂಷಿಸಲಿಲ್ಲ; ತಾವೇ ಅವಸರಪಡಿಸಿದೆವೆಂದು ಕಣ್ಣೀರಿಟ್ಟರು. ನಿರ್ಣಯದ ಹೊಣೆ ನನ್ನದಾಗಿತ್ತು, ತಪ್ಪೂ ನನ್ನದೇ ಎಂದು ಹುಡುಗನ ಎದುರಿನಲ್ಲಿಯೇ ಹೇಳಿದೆನು. ಹಿಂದೆ ಕೀವಾಗಿದ್ದುದರಿಂದ ಮೊಳೆಯ ವಿಚಾರವನ್ನು ಬಿಟ್ಟು ಮತ್ತೆ ಹೊರಗಿನ ದಂಡವನ್ನೇ ಕಟ್ಟಿದೆನು. ಈ ಸಲ, ಮೂಳೆ ಕೂಡತೊಡಗಿದ ಮೇಲೆ, ಭಾರ ಮೂಳೆಗೂ ತಾಗುವಂತೆ ದಂಡವನ್ನು ಹಂತಹಂತವಾಗಿ ಸಡಿಲಿಸಿದೆನು.

ಹುಡುಗ ಅಂಚುಗಳನ್ನೆಣಿಸಲು ಕಲಿತುಬಿಟ್ಟಿದ್ದನು. ಹದಿನೇಳನೆಯ ವಾರ ನನ್ನ ಕೈಯಿಂದ ಎಕ್ಸ್‌ರೇ ಫಿಲ್ಮನ್ನು ತೆಗೆದುಕೊಂಡು ಕಿಟಕಿಯ ಬೆಳಕಿಗೆ ಹಿಡಿದು, ಬಹಳ ಹೊತ್ತು ನೋಡಿ, "ನಾಲ್ಕು" ಎಂದನು. ನಾನೂ ಎಣಿಸಿದೆನು. ಆಮೇಲೆ ಸರಳುಗಳನ್ನು ಬಿಚ್ಚಿದೆನು.