ಶಾಸ್ತ್ರದಾನ ಮತ್ತು ಒಂದು ವಾಟ್ಸ್ಆ್ಯಪ್ ಸಂದೇಶ

ಆಹಾರ, ಅಭಯ, ಔಷಧ, ಶಾಸ್ತ್ರ – ಈ ನಾಲ್ಕು ದಾನಗಳನ್ನು ಜೈನ ಗೃಹಸ್ಥನ ಕರ್ತವ್ಯವೆಂದು ನಮ್ಮ ಪರಂಪರೆ ಬೋಧಿಸುತ್ತದೆ. ದಾನಚಿಂತಾಮಣಿ ಅತ್ತಿಮಬ್ಬೆ ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಮಾಡಿಸಿ ಹಂಚಿದ ಸಂಗತಿ ಕನ್ನಡಿಗರಿಗೆಲ್ಲ ತಿಳಿದದ್ದೇ. ಔಷಧ ಮತ್ತು ಶಾಸ್ತ್ರ ಎರಡನ್ನೂ ಒಮ್ಮೆಗೇ ದಾನ ಮಾಡುತ್ತಿದ್ದೇನೆಂದು ನಾನೂ ಒಮ್ಮೆ ಭ್ರಮಿಸಿದ್ದೆ.

14ನೆಯ ಶತಮಾನದ ಜೈನಕವಿ ಮಂಗರಾಜ ವಿಷವೈದ್ಯವನ್ನು ಕನ್ನಡ ಪದ್ಯಗಳಲ್ಲಿ ನಿರೂಪಿಸಿದ ಗ್ರಂಥ ಖಗೇಂದ್ರಮಣಿದರ್ಪಣ. ಅದನ್ನು ಕುರಿತು ಸಮಾಜಬಾಂಧವರ ವಾಟ್ಸ್ಆ್ಯಪ್ ಗುಂಪಿಗೆ ಟಿಪ್ಪಣಿಯೊಂದನ್ನು ಬರೆದೆ. ಹಾವಿನ ಕಡಿತಕ್ಕೆ ಹಿಂದಿನವರು ಬಳಸುತ್ತಿದ್ದ ಮೂಲಿಕೆಗಳ ಪ್ರಸ್ತಾಪವೂ ಅದರಲ್ಲಿತ್ತು. ಇದು ಇತಿಹಾಸವೇ ಹೊರತು ಚಿಕಿತ್ಸೆಯಲ್ಲ ಎಂಬ ಎಚ್ಚರಿಕೆಯನ್ನು ಕೊನೆಯಲ್ಲಿ ಸೇರಿಸಿದ್ದೆ.

ಎರಡು ತಿಂಗಳ ಬಳಿಕ ಊರಿನಿಂದ ಸೋದರಳಿಯನ ಕರೆ ಬಂತು. "ಮಾವ, ತೋಟದಲ್ಲಿ ಕೆಲಸದವನಿಗೆ ಹಾವು ಕಚ್ಚಿದೆ. ನೀವು ಬರೆದ ಸೊಪ್ಪು ಅರೆದು ಕುಡಿಸಿದ್ದೇವೆ. ಇನ್ನೆಷ್ಟು ಕೊಡಬೇಕು?" ನನ್ನ ಟಿಪ್ಪಣಿ ಬೇರೊಂದು ಗುಂಪಿನ ಮೂಲಕ ಅವನನ್ನು ತಲುಪಿತ್ತು. ಕವಿಯ ಹೆಸರು ಹೋಗಿತ್ತು, ಎಚ್ಚರಿಕೆಯ ಸಾಲು ಹೋಗಿತ್ತು; ನನ್ನ ಹೆಸರು ಮಾತ್ರ ಉಳಿದಿತ್ತು. ಕಾಲನ್ನು ಅಲುಗಿಸದೆ ಕೂಡಲೇ ಆಸ್ಪತ್ರೆಗೆ ಒಯ್ಯಿರೆಂದು ಕೂಗಿ ಹೇಳಿದೆ. ಪ್ರತಿವಿಷದ ಚುಚ್ಚುಮದ್ದಿನಿಂದ ಆತ ಬದುಕಿದ. ಆದರೆ ನನ್ನ ಬರಹದಿಂದಾಗಿ ವ್ಯರ್ಥವಾದ ಆ ಅರ್ಧ ಗಂಟೆ ಇಂದಿಗೂ ನನ್ನನ್ನು ಕಾಡುತ್ತದೆ.

ಇನ್ನು ಇಂಥವನ್ನು ಬರೆಯುವುದೇ ಬೇಡವೆಂದು ನಿಶ್ಚಯಿಸಿ, ವೈದ್ಯಕೀಯ ಕಾಲೇಜೊಂದರ ಗ್ರಂಥಪಾಲಕಿಯಾಗಿರುವ ಪರಿಚಿತರಲ್ಲಿ ಹೇಳಿಕೊಂಡೆ. ಅವರು ವಿಕಿಪೀಡಿಯದ ವೈದ್ಯಕೀಯ ಲೇಖನವೊಂದನ್ನು ತೆರೆದು ಅದರ ಇತಿಹಾಸಪುಟವನ್ನು ತೋರಿಸಿದರು. ಯಾವ ಬದಲಾವಣೆ ಎಂದು ಆಯಿತು, ಯಾವ ಖಾತೆಯಿಂದ ಆಯಿತು, ಯಾವುದನ್ನು ತೆಗೆದುಹಾಕಲಾಯಿತು – ಎಲ್ಲವೂ ಅಲ್ಲಿ ದಾಖಲಾಗಿತ್ತು. ಒಬ್ಬೊಬ್ಬ ಗ್ರಂಥಪಾಲಕರೂ ವಿಕಿಪೀಡಿಯಕ್ಕೆ ಒಂದೊಂದು ಆಧಾರವನ್ನು ಸೇರಿಸಬೇಕೆಂಬ ಅಭಿಯಾನ 2016ರಿಂದ ನಡೆದಿರುವುದನ್ನೂ, ಕೋವಿಡ್ ಕಾಲದಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು 2020ರ ಅಕ್ಟೋಬರಿನಲ್ಲಿ ವಿಕಿಮೀಡಿಯ ಪ್ರತಿಷ್ಠಾನದೊಡನೆ ಕೈಜೋಡಿಸಿ ತನ್ನ ಚಿತ್ರಮಾಹಿತಿಗಳನ್ನು ಮುಕ್ತವಾಗಿ ಒದಗಿಸಿದ್ದನ್ನೂ ವಿವರಿಸಿದರು. "ಸರ್, ನೀವು ಗ್ರಂಥಸಂಪಾದನೆಯಲ್ಲಿ ಪಾಠಾಂತರ ಕೊಡ್ತೀರಲ್ಲ, ಇದೂ ಹಾಗೇ" ಎಂದರು.

ಆ ಮಾತು ನನ್ನ ಕಣ್ಣು ತೆರೆಸಿತು. ತಪ್ಪಿದ್ದರೆ ಬಲ್ಲವರು ತಿದ್ದಿಕೊಳ್ಳಬೇಕೆಂದು ಓಲೆಗರಿಯ ಕೊನೆಯಲ್ಲಿ ಲಿಪಿಕಾರರು ಬೇಡಿಕೊಳ್ಳುವುದನ್ನು ಎಷ್ಟೋ ಪ್ರತಿಗಳಲ್ಲಿ ಓದಿದ್ದೇನೆ. ಎಲ್ಲರೂ ಲಿಪಿಕಾರರಾಗಿರುವ ಈ ಕಾಲದಲ್ಲಿ ಆ ವಿನಯ ಇತಿಹಾಸಪುಟದ ರೂಪದಲ್ಲಿ ಉಳಿದಿದೆ. ಅಲ್ಲಿಯೂ ತಪ್ಪು ನುಸುಳುತ್ತದೆ. ಆದರೆ ನುಸುಳಿದ ದಾರಿ ಕಾಣುತ್ತದೆ. ಕೈಯಿಂದ ಕೈಗೆ ಹಾರುವ ಸಂದೇಶವಾದರೋ ಮೊದಲ ಗರಿಯೂ ಕೊನೆಯ ಗರಿಯೂ ಕಳೆದುಹೋದ ಕಟ್ಟು. ಅದನ್ನು ಬರೆದವನಿಗೂ ತಿದ್ದಲು ಅದು ಮತ್ತೆ ಸಿಗುವುದಿಲ್ಲ.

ಹಾಗೆಂದು ಶಾಸ್ತ್ರವನ್ನು ಮುಚ್ಚಿಡುವುದು ಪರಿಹಾರವಲ್ಲ. ಮೂಡಬಿದಿರೆಯಲ್ಲಿ ಧವಲಾದಿ ಸಿದ್ಧಾಂತಗ್ರಂಥಗಳ ಓಲೆಗಳು ಶತಮಾನಗಳ ಕಾಲ ದರ್ಶನಕ್ಕಷ್ಟೇ ದೊರೆಯುತ್ತಿದ್ದವು. ಧವಲಾ ಟೀಕೆಯ ಮೊದಲ ಸಂಪುಟ ಮುದ್ರಣ ಕಂಡದ್ದು 1939ರಲ್ಲಿ. ಪೂಜೆಗೊಂಡರೂ ಓದಿಸಿಕೊಳ್ಳದ ಶಾಸ್ತ್ರದಿಂದ ಯಾರಿಗೆ ಉಪಕಾರ?

ಆದ್ದರಿಂದ ಬರೆಯುವುದನ್ನು ಬಿಡಲಿಲ್ಲ, ರೀತಿಯನ್ನು ಬದಲಿಸಿದೆ. ಮೂಲಿಕೆಗಳ ಹೆಸರನ್ನು ಗುಂಪಿಗೆ ಕಳುಹಿಸುವುದಿಲ್ಲ. ತಿದ್ದಲು ಸಾಧ್ಯವಿರುವ ಒಂದೇ ಕಡೆ ಲೇಖನವನ್ನಿರಿಸಿ ಅದರ ಕೊಂಡಿಯನ್ನಷ್ಟೇ ಹಂಚುತ್ತೇನೆ. ಎಚ್ಚರಿಕೆ ಈಗ ಕೊನೆಯಲ್ಲಿಲ್ಲ, ಮೊದಲ ಸಾಲಿನಲ್ಲಿದೆ: ಹಾವು ಕಚ್ಚಿದರೆ ಓದುತ್ತ ನಿಲ್ಲಬೇಡಿ, ಆಸ್ಪತ್ರೆಗೆ ಹೋಗಿ. ದಾನಕ್ಕೆ ಪಾತ್ರವನ್ನರಿಯಬೇಕೆಂದು ಹಿರಿಯರು ಹೇಳುತ್ತಿದ್ದರು. ದಾನ ಎಲ್ಲಿಯವರೆಗೆ ಹರಿದುಹೋಗುತ್ತದೆಂಬುದನ್ನೂ ಅರಿಯಬೇಕೆಂದು ನಾನು ತಡವಾಗಿ ಕಲಿತೆ.