ಟ್ರೋಲರ ಗುಡ್ಡ

ನಾರ್ವೆ ದೇಶದ ಬೆರ್ಗೆನ್ ನಗರದಲ್ಲಿ ಉದ್ಯೋಗನಿಮಿತ್ತ ನೆಲಸಿರುವ ಕನ್ನಡ ಕುಟುಂಬವೊಂದು ಜೂನ್ ತಿಂಗಳಲ್ಲಿ ಒಂದು ದಿನ ಟ್ರೋಲ್‌ಹೌಗೆನ್ನಿಗೆ ವಿಹಾರ ಹೊರಟಿತು. ಹೋಪ್ ನಿಲ್ದಾಣದಲ್ಲಿ ಟ್ರಾಮಿನಿಂದಿಳಿದು ಸುಮಾರು ಅರ್ಧ ಗಂಟೆ ನಡೆಯಬೇಕು. ತಂದೆಗೆ ಅಲ್ಲಿಯ ಸಂಗೀತ ಬೇಕಾಗಿದ್ದಿತು. ತಾಯಿಗೆ ಮರಗಳ ನೆರಳು. ಊರಿನಿಂದ ಬಂದಿದ್ದ ಅಜ್ಜಿಗೆ ಎಲ್ಲಿಯಾದರೂ ಸರಿಯೆ. ಏಳು ವರುಷದ ಹುಡುಗಿಗೆ ಮಾತ್ರ ಟ್ರೋಲನೇ ಬೇಕು.

ಟ್ರೋಲನೆಂದರೆ ಆ ನಾಡಿನ ಕಥೆಗಳ ರಾಕ್ಷಸ. ಕನ್ನಡದ ಅಜ್ಜಿಕಥೆಗಳ ರಾಕ್ಷಸನಂತೆ ಏಳು ಸಮುದ್ರದಾಚೆಯ ಗಿಳಿಯಲ್ಲಿ ಪ್ರಾಣವಿಟ್ಟವನಲ್ಲ. ಗುಡ್ಡದ ಹೊಟ್ಟೆಯಲ್ಲಿ ಅಡಗಿರುವ, ದೊಡ್ಡ ಮೂಗಿನ, ಮಂದಬುದ್ಧಿಯ ಜೀವಿ. ಬಿಸಿಲು ಸೋಂಕಿದರೆ ಕಲ್ಲಾಗುತ್ತಾನೆ. ಜೂನಿನಲ್ಲಿ ಅಲ್ಲಿ ಸೂರ್ಯನು ಮುಳುಗುವುದು ರಾತ್ರಿ 11 ಗಂಟೆಯ ಸುಮಾರಿಗಾದುದರಿಂದ, ಪಾಪ, ಅವನ ಪಾಡು ಕಷ್ಟದ್ದೇ.

ಈ ಗುಡ್ಡದ ಮೇಲೆ 1885ರಲ್ಲಿ ಮನೆ ಕಟ್ಟಿಸಿದವನು ಸಂಗೀತಕಾರ ಎಡ್ವರ್ಡ್ ಗ್ರೀಗ್. ಸಮೀಪದ ಕಣಿವೆಗೆ ಟ್ರೋಲರ ಕಣಿವೆಯೆಂಬ ರೂಢಿಯಿದ್ದು, ಮನೆಗೂ ಆ ಹೆಸರು ಹತ್ತಿತಂತೆ. ಕೆಳಗೆ ಸರೋವರ, ಅದರ ದಂಡೆಯಲ್ಲಿ 1891ರಲ್ಲಿ ಕಟ್ಟಿಸಿದ ಒಂಟಿ ಕೋಣೆಯ ಗುಡಿಸಲು. ಆತನು ಕುಳಿತು ಸಂಗೀತ ರಚಿಸುತ್ತಿದ್ದುದು ಅಲ್ಲಿ.

ಕಛೇರಿಯ ಮಂದಿರವು ಈಚಿನದು, 1985ರದು. ಇನ್ನೂರು ಜನ ಕುಳ್ಳಿರಬಹುದಾದ ಆ ಕಟ್ಟಡವು ಇಳಿಜಾರಿನಲ್ಲಿ ಹುದುಗಿದೆ. ಮಾಡಿನ ಮೇಲೆ ಹುಲ್ಲು ಬೆಳೆದಿದೆ. ಹುಡುಗಿಯು ಅದನ್ನು ಟ್ರೋಲನ ಮನೆಯೆಂದೇ ನಿಶ್ಚಯಿಸಿಕೊಂಡು ಒಳಹೊಕ್ಕಳು. ವೇದಿಕೆಯ ಹಿಂದೆ ಗೋಡೆಗೆ ಬದಲಾಗಿ ಗಾಜು. ಪಿಯಾನೋ ನುಡಿಸುವವಳ ಬೆನ್ನ ಹಿಂದೆ ಗುಡಿಸಲೂ ನೀರೂ ಕಾಣುತ್ತಿದ್ದವು. ಇಬ್ಸೆನ್ನನ 'ಪೇರ್ ಗ್ಯುಂಟ್' ನಾಟಕಕ್ಕಾಗಿ ಗ್ರೀಗ್ ರಚಿಸಿದ, 1876ರಲ್ಲಿ ರಂಗವೇರಿದ, ಪರ್ವತರಾಜನ ಸಭೆಯ ಸಂಗೀತ ತೊಡಗಿತು. ಒಂದು ಪುಟ್ಟ ಧಾಟಿ ಮಂದ್ರದಲ್ಲಿ ಕಳ್ಳಹೆಜ್ಜೆಯಿಟ್ಟು ಬರುತ್ತದೆ. ಅದೇ ಮತ್ತೆ ಬರುತ್ತದೆ, ತುಸು ಬೇಗನೆ. ಮತ್ತೆ ಮತ್ತೆ ಬಂದು ಕೊನೆಗೆ ಗುಡ್ಡವೇ ಬೆನ್ನಟ್ಟಿದಂತಾಗುತ್ತದೆ. ಹುಡುಗಿ ಅಜ್ಜಿಯ ಸೆರಗನ್ನು ಹಿಡಿದವಳು ಬಿಡಲಿಲ್ಲ. ಈ ಕೃತಿ ತನಗೇ ಸಹಿಸದೆಂದೂ, ಸಗಣಿಯ ನಾತ ಹೊಡೆಯುವುದೆಂದೂ ಗ್ರೀಗ್ ಗೆಳೆಯನಿಗೆ ಬರೆದಿದ್ದನು. ಮಕ್ಕಳು ಆ ವಿಷಯದಲ್ಲಿ ಅವನಿಗಿಂತ ಉತ್ತಮ ರಸಿಕರು.

ಮನೆಯೊಳಗೆ, ವಿವಾಹದ ಇಪ್ಪತ್ತೈದನೆಯ ವರುಷ, 1892ರಲ್ಲಿ, ದಂಪತಿಗಳಿಗೆ ಬಂದ ಪಿಯಾನೋ ಇದೆ. ಅಜ್ಜಿ ಅದನ್ನು ನೋಡಲಿಲ್ಲ. “ಮಕ್ಕಳೆಷ್ಟು?” ಎಂದಳು. ಒಬ್ಬಳೇ ಮಗಳು, ಅಲೆಕ್ಸಾಂಡ್ರಾ. 1868ರಲ್ಲಿ ಹುಟ್ಟಿ ಹದಿಮೂರು ತಿಂಗಳಿಗೆ ತೀರಿಕೊಂಡಳು. ಮತ್ತೆ ಮಕ್ಕಳಾಗಲಿಲ್ಲ ಎಂದು ಮಗನು ಹೇಳಿದನು. ಅಜ್ಜಿ ಮುಂದೆ ಮಾತಾಡಲಿಲ್ಲ. ಅವಳ ಚೊಚ್ಚಲ ಕೂಸು ವರುಷ ತುಂಬುವ ಮೊದಲೇ ಹೋಗಿತ್ತು. ಮನೆಯಲ್ಲಿ ಆ ಮಾತನ್ನು ಯಾರೂ ಎತ್ತುತ್ತಿರಲಿಲ್ಲ.

ಸರೋವರದ ಕಡೆಗೆ ಇಳಿಯುವಲ್ಲಿ ಕಡಿದಾದ ಬಂಡೆಯಿದೆ. 1907ರಲ್ಲಿ ತೀರಿಕೊಂಡ ಗ್ರೀಗನ ಅಸ್ಥಿಯನ್ನೂ, 1935ರಲ್ಲಿ ತೀರಿಕೊಂಡ ಹೆಂಡತಿ ನೀನಾಳ ಅಸ್ಥಿಯನ್ನೂ ಅದನ್ನು ಕೊರೆದು ಇಟ್ಟಿದ್ದಾರೆ. ಹೊರಗೆ ಹೆಸರುಗಳು ಮಾತ್ರ.

“ಬಿಸಿಲು ತಾಕಿ ಕಲ್ಲಾದರೇ?” ಎಂದಳು ಹುಡುಗಿ. ತಂದೆ ವಿವರಿಸಲು ಹೊರಟನು. ಅಷ್ಟರಲ್ಲಿ ಅವಳು, “ಆ ಪಾಪು ಎಲ್ಲಿ?” ಎಂದಳು.

ಅಜ್ಜಿ ಹುಲ್ಲಿನ ಮೇಲೆ ಕುಳಿತು ಮೊಮ್ಮಗಳನ್ನು ಬಳಿಗೆಳೆದುಕೊಂಡಳು. ತನ್ನ ಕೂಸಿನ ಹೆಸರು ಹೇಳಿದಳು, ಅದರ ಗುಂಗುರು ಕೂದಲನ್ನು ವರ್ಣಿಸಿದಳು. ಅವಳ ಮಗನು ಆ ಹೆಸರನ್ನು ಕೇಳಿದುದು ಅಂದೇ ಮೊದಲು. ಅವನು ನೀರಿನ ಕಡೆ ತಿರುಗಿ ನಿಂತನು. ತಾಯಿ ಸದ್ದಾಗದಂತೆ ಬುತ್ತಿಯ ಡಬ್ಬಿಯನ್ನು ಬಿಚ್ಚತೊಡಗಿದಳು.